ದಾಕ್ಷಾಯಿಣಿಯ ಮದುವೆಗೆ ಲೈನ್ ಕ್ಲಿಯರ್

“ಗೌಡ್ರೇ, ನಿಮ್ಮ ಮೊಹರು ತಗೊಂಡು ಬೇಗ ಬನ್ನಿ! ಇವತ್ತಿಂದ ನಿಮಗೆ ನಿವೃತ್ತಿ!”

ಭಾನುವಾರ ಬೆಳಗ್ಗೆ ಕಾಂಪೌಂಡಿನ ಆಚೆಯಿಂದ ಪಾಲಾಕ್ಷಯ್ಯನವರು ಹೀಗೆ ಕೂಗಿದಾಗ ನಾನು ತಲೆಗೆ ಬಣ್ಣ ಹಚ್ಚಿಕೊಂಡು, ಒಣಗಲೆಂದು ಬಿಸಿಲಿಗೆ ಕೂತಿದ್ದೆ. ನಾನು ಅರಸೀಕೆರೆಯ ನೋಟರಿ ತಿಮ್ಮೇಗೌಡ. ಕಳೆದುಹೋದ ಅಂಕಪಟ್ಟಿ, ತಪ್ಪಾಗಿ ಬರೆಸಿದ ಹುಟ್ಟಿದ ತಾರೀಖು, ಒಂದೇ ಹೆಸರಿನ ಇಬ್ಬರು ರಂಗಮ್ಮಂದಿರು, ಈ ಊರಿನ ಇಂಥ ಎಲ್ಲ ಗೋಜಲೂ ನನ್ನ ಮೇಜಿಗೇ ಬಂದು ಬಗೆಹರಿಯಬೇಕು. ಅಂಥವನಿಗೆ ನಿವೃತ್ತಿಯಂತೆ! ಮೈ ಉರಿದುಹೋಯಿತು. ತಲೆ ತೊಳೆದುಕೊಂಡು, ಮೊಹರನ್ನು ಜೇಬಿಗೆ ಹಾಕಿಕೊಂಡು ಹೊರಟೆ.

ಪಾಲಾಕ್ಷಯ್ಯನವರು ರೈಲ್ವೆಯಲ್ಲಿ ಸಿಗ್ನಲ್ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಗುಜರಿ ಅಂಗಡಿಯಿಂದ ಹಳೆಯ ಲಿವರು, ಗಂಟೆ, ತಂತಿಗಳನ್ನು ಹೊತ್ತು ತಂದು ಏನಾದರೊಂದು ಯಂತ್ರ ಕಟ್ಟುತ್ತಲೇ ಇರುತ್ತಾರೆ. ಅವರ ದೋಸೆ ತಿರುವುವ ಯಂತ್ರ ಮೊದಲನೇ ದೋಸೆಯನ್ನು ನಮ್ಮ ಮನೆಯ ತುಳಸಿಕಟ್ಟೆಗೆ ತಲುಪಿಸಿತ್ತು. ಬಟ್ಟೆ ಒಣಗಿಸುವ ಯಂತ್ರ ನನ್ನ ಕರಿಕೋಟನ್ನು ಬೊಂಬೆಗೆ ತೊಡಿಸುವ ಅಳತೆಗೆ ತಂದಿತ್ತು. ಅವನ್ನೆಲ್ಲ ನಕ್ಕು ಮರೆತಿದ್ದೆವು. ಈ ಸಲ ಹಾಗಲ್ಲ. ಈ ಸಲ ಯಂತ್ರದ ಬಾಯಿಗೆ ಹೋಗುವುದರಲ್ಲಿದ್ದದ್ದು ಅವರ ಒಬ್ಬಳೇ ಮಗಳ ಮದುವೆ.

ದಾಕ್ಷಾಯಿಣಿ ನಮ್ಮ ತಾಲ್ಲೂಕಿನ ದನದ ಡಾಕ್ಟರು. ವಯಸ್ಸು ಮೂವತ್ತಾರು. ಜಾತಕದಲ್ಲಿ ಕುಜದೋಷ ಅಂತ ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು ಹೋಗಿದ್ದರು. ಕಳೆದ ವರ್ಷ ನಾರ್ವೆ ದೇಶದಿಂದ ಸಿವೆರ್ಟ್ ಎಂಬ ದನದ ಡಾಕ್ಟರು ಇಲ್ಲಿಯ ಹೈನುಗಾರಿಕೆ ನೋಡಲು ಬಂದ. ಒಂದು ಎಮ್ಮೆಯ ಹೆರಿಗೆಯಲ್ಲಿ ಇಬ್ಬರೂ ಸೇರಿ ಒದ್ದಾಡಿದರು. ಕರು ಹೊರಗೆ ಬರುವಷ್ಟರಲ್ಲಿ ಇಬ್ಬರ ಮನಸ್ಸೂ ಒಂದಾಗಿತ್ತಂತೆ. ದಾಕ್ಷಾಯಿಣಿಯ ತಾಯಿ ಸರ್ವಮಂಗಳಮ್ಮ ಅವನನ್ನು ‘ಶಿವ’ ಎಂದೇ ಕರೆದರು. ಅವನೂ ಓಗೊಟ್ಟ.

ಮದುವೆ ಅವನ ಊರಿನಲ್ಲೇ ಆಗಬೇಕಿತ್ತು. ಅವನ ತಾಯಿ ಹಾಸಿಗೆ ಹಿಡಿದಿದ್ದರು. ಡಾಕ್ಟರುಗಳು ಕೈಚೆಲ್ಲಿದ್ದರು. ಕಣ್ಣು ಮುಚ್ಚುವ ಮೊದಲು ಮಗನ ಮದುವೆ ನೋಡಬೇಕೆಂಬುದು ಆಕೆಯ ಕೊನೆಯ ಆಸೆ. ಅಲ್ಲಿಯ ಕಚೇರಿ ಒಂದು ತಾರೀಖು ಕೊಟ್ಟು, ಕಾಗದಪತ್ರ ಕೇಳಿತ್ತು: ಜನನ ಪ್ರಮಾಣಪತ್ರ, ಹುಡುಗಿಗೆ ಈ ಮುಂಚೆ ಮದುವೆ ಆಗಿಲ್ಲವೆಂದು ಅವಳದೊಂದು ಅಫಿಡವಿಟ್ಟು, ಅದನ್ನೇ ಹೇಳುವ ತಂದೆತಾಯಿಯ ಅಫಿಡವಿಟ್ಟು. ಅವೆಲ್ಲಕ್ಕೂ ನನ್ನ ಮೊಹರು ಬಿದ್ದು, ಸೋಮವಾರ ಬೆಳಗ್ಗೆ ಬೆಂಗಳೂರಿಗೆ ಹೋಗಿ ಅಪೊಸ್ಟಿಲ್ ಎಂಬ ಇನ್ನೊಂದು ಸರ್ಕಾರಿ ಮುದ್ರೆಗೆ ಕೊಡಬೇಕು. ಸೋಮವಾರ ತಪ್ಪಿದರೆ ತಾರೀಖು ತಪ್ಪುತ್ತದೆ. ಮುಂದಿನ ತಾರೀಖು ಚಳಿಗಾಲ ಕಳೆದ ಮೇಲೆ. ಅಲ್ಲಿಯವರೆಗೆ ಆ ತಾಯಿ ಇರುವುದಿಲ್ಲ.

ನನಗದು ಹತ್ತು ನಿಮಿಷದ ಕೆಲಸ. ಸ್ಟಾಂಪ್ ಪೇಪರು, ಮೂವರ ಸಹಿ, ಮೊಹರು, ಒಂದು ಲೋಟ ಕಾಫಿ. ಆದರೆ ಪಾಲಾಕ್ಷಯ್ಯನವರಿಗೆ ಹಾಗೆ ಮಾಡಿದರೆ ನಿದ್ದೆ ಬರುತ್ತದೆಯೆ?

ಅವರ ಹಜಾರದಲ್ಲಿ ಬೀರುವಿನಷ್ಟು ಎತ್ತರದ ಕಬ್ಬಿಣದ ಪೆಟ್ಟಿಗೆ ನಿಂತಿತ್ತು. ಮುಂದೆ ಎರಡು ಹಿತ್ತಾಳೆ ತಟ್ಟೆ. ನೆತ್ತಿಯ ಮೇಲೆ ಸ್ಟೇಷನ್ನಿನಲ್ಲಿರುವಂಥದೇ ಕೆಂಪು ಸಿಗ್ನಲ್ ಕೈ. ಪಕ್ಕದಲ್ಲಿ ಒಂದು ಗಂಟೆ, ಒಂದು ಧ್ವನಿವರ್ಧಕ.

“ಪ್ರಮಾಣಯಂತ್ರ!” ಎಂದರು ಪಾಲಾಕ್ಷಯ್ಯ, ಮೀಸೆಯ ಮೇಲೆ ಕೈಯಾಡಿಸುತ್ತಾ. “ಹಳಿ ಸರಿಯಾಗಿ ಕೂತು ಬೀಗ ಬೀಳೋವರೆಗೂ ಸಿಗ್ನಲ್ ಇಳಿಯಲ್ಲ, ಗೊತ್ತಲ್ಲ? ಇಲ್ಲೂ ಅಷ್ಟೇ. ಕಾಗದ, ಪಾಸ್‌ಪೋರ್ಟು, ನಿಮ್ಮ ಮೊಹರು, ಎಲ್ಲಾ ಒಳಗಿಡೋದು. ಸಾಕ್ಷಿಗಳು ಒಬ್ಬೊಬ್ಬರಾಗಿ ಈ ತಟ್ಟೆ ಮೇಲೆ ಕೈಯಿಟ್ಟು ಮಾತಾಡೋದು. ನಾಡಿ, ಬೆವರು, ಗಂಟಲು, ಮೂರನ್ನೂ ಯಂತ್ರ ನೋಡುತ್ತೆ. ಎಲ್ಲರ ಮಾತೂ ನಿಜ ಆದ್ರೆ ಕೈ ಇಳಿಯುತ್ತೆ. ಲೈನ್ ಕ್ಲಿಯರ್! ತಾನೇ ಮೊಹರು ಒತ್ತಿ ಕಾಗದ ಹೊರಗೆ ಕೊಡುತ್ತೆ.”

“ಯಾರಾದ್ರೂ ಸುಳ್ಳು ಹೇಳಿದ್ರೆ?”

“ಬಾಗಿಲು ತೆಗೆಯಲ್ಲ.”

“ಒಡೆದು ತೆಗೆದ್ರೆ?”

“ಒಳಗೊಂದು ಬಾಟ್ಲಿ ಮಸಿ ಇಟ್ಟಿದ್ದೀನಿ! ಒಡೆದ ತಕ್ಷಣ ಕಾಗದದ ಮೇಲೆ ಸುರಿಯುತ್ತೆ.”

ಇಷ್ಟು ಹೆಮ್ಮೆಯಿಂದ ಇಂಥ ಮಾತು ಹೇಳುವವರನ್ನು ನಾನು ಕೋರ್ಟಿನಲ್ಲೂ ಕಂಡಿಲ್ಲ. “ನನ್ನ ಮೊಹರು ಕೊಡಲ್ಲ” ಎಂದೆ. ಆಗ ದಾಕ್ಷಾಯಿಣಿ ಮೆಲ್ಲಗೆ, “ಮಾಮ, ನನ್ನ ಮದುವೆಗೆ ಅಪ್ಪ ಮಾಡೋಕ್ಕಾಗೋದು ಇದೊಂದೇ. ಅಲ್ಲಿಗೆ ಬರೋಕಂತೂ ಆಗಲ್ಲ ಅವರಿಗೆ. ಕೊಟ್ಬಿಡಿ” ಎಂದಳು. ಆ ಹುಡುಗಿಯ ಮಾತು ತೆಗೆದುಹಾಕುವುದು ನನ್ನಿಂದಾಗದು. ಕೊಟ್ಟೆ. ಬಾಗಿಲು ದಡಾರನೆ ಬಿತ್ತು.

“ಪರೀಕ್ಷೆಗೆ ನೀವೇ ಒಂದು ಮಾತು ಹೇಳಿ ಗೌಡ್ರೇ.”

ತಟ್ಟೆಯ ಮೇಲೆ ಕೈಯಿಟ್ಟು, “ನನ್ನ ಕೂದಲು ಹುಟ್ಟಿನಿಂದಲೂ ಇಷ್ಟೇ ಕಪ್ಪು” ಎಂದೆ.

ಗಂಟೆ ಢಣಢಣ ಬಾರಿಸಿತು! ರೈಲ್ವೆ ಸ್ಟೇಷನ್ನಿನ ಹೆಣ್ಣುದನಿಯೊಂದು ಬೀದಿಗೆಲ್ಲ ಕೇಳುವಂತೆ ಸಾರಿತು: “ಸಾಕ್ಷಿದಾರರ ಗಮನಕ್ಕೆ! ಈ ಹೇಳಿಕೆ ಸುಳ್ಳಾಗಿದೆ. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ.” ಎದುರುಮನೆಯ ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು.

ದಾಕ್ಷಾಯಿಣಿ ಕೈಯಿಟ್ಟಳು. “ನಾನು ಅವಿವಾಹಿತೆ.” ಗಂಟೆ ಸುಮ್ಮನಿತ್ತು. ಪಾಲಾಕ್ಷಯ್ಯ ಕೈಯಿಟ್ಟರು. “ನನ್ನ ಮಗಳಿಗೆ ಮದುವೆ ಆಗಿಲ್ಲ.” ಆಗಲೂ ಸುಮ್ಮನಿತ್ತು. ಉಳಿದದ್ದು ಸರ್ವಮಂಗಳಮ್ಮ.

“ಒಲೆ ಮೇಲೆ ಹಾಲಿದೆ” ಅಂದರು ಅವರು ಅಡುಗೆಮನೆಯಿಂದ.

“ಇಳಿಸಿ ಬಾರೇ!”

“ಸ್ನಾನ ಆಗಿಲ್ಲ.”

“ನಿನ್ನೇನು ದೇವರ ಪೂಜೆಗೆ ಕರೀತಿದ್ದೀನಾ? ಬಾ!”

ಬಂದರು. ಸೆರಗಿನಲ್ಲಿ ಕೈ ಒರೆಸಿ ತಟ್ಟೆಯ ಮೇಲಿಟ್ಟರು. “ನನ್ನ ಮಗಳಿಗೆ ಇದುವರೆಗೂ ಮದುವೆ ಆಗಿಲ್ಲ.”

ಢಣಢಣ! “ಸಾಕ್ಷಿದಾರರ ಗಮನಕ್ಕೆ! ಈ ಹೇಳಿಕೆ ಸುಳ್ಳಾಗಿದೆ.”

“ನಿನ್ನ ಕೈ ಒದ್ದೆ ಇರ್ಬೇಕು” ಎಂದರು ಪಾಲಾಕ್ಷಯ್ಯ. ಒರೆಸಿದ್ದಾಯಿತು. “ಬಳೆ ತಗುಲ್ತಿರ್ಬೇಕು.” ಬಳೆ ಸರಿಸಿದ್ದಾಯಿತು. ಪ್ರತಿ ಸಲವೂ ಗಂಟೆ. ಕೊನೆಗೆ ಪೆಟ್ಟಿಗೆಯ ಸೀಳಿನಿಂದ ಒಂದು ಚೀಟಿ ಹೊರಬಂತು. ಪಾಲಾಕ್ಷಯ್ಯ ಕನ್ನಡಕ ಏರಿಸಿ ಓದಿದರು: “ವಧು ವಿವಾಹಿತೆ. ಪತಿಯ ವಿವರ ಕೊಡಿ.”

“ನಿಮ್ಮ ಯಂತ್ರಕ್ಕೆ ಬೆಂಕಿ ಹಾಕ!” ಎಂದರು ಸರ್ವಮಂಗಳಮ್ಮ. ಆದರೆ ಆ ದನಿಯಲ್ಲಿ ಕೋಪ ಇರಲಿಲ್ಲ. ದಾಕ್ಷಾಯಿಣಿ ತಾಯಿಯ ಮುಖವನ್ನೇ ನೋಡುತ್ತಿದ್ದಳು.

“ಅಮ್ಮ, ಏನಿದು?”

ಸರ್ವಮಂಗಳಮ್ಮ ಅಲ್ಲೇ ಚಾಪೆಯ ಮೇಲೆ ಕುಸಿದು ಕೂತರು. “ನೀನಾಗ ಮೂರನೇ ಕ್ಲಾಸು. ಮೊಗ್ಗಿನ ಜಡೆ ಹಾಕಿಸಿದ್ದೆ, ಜ್ಞಾಪಕ ಇದೆಯಾ?”

“ಫೋಟೋ ತೆಗೆಸೋಕಲ್ವಾ? ಹಸಿರು ಲಂಗ.”

“ಫೋಟೋ ಆಮೇಲೆ ತೆಗೆಸಿದ್ದು. ಅದಕ್ಕೆ ಮುಂಚೆ ಹಿತ್ತಲಲ್ಲಿ… ಜೋಯಿಸರು ಬಂದಿದ್ರು. ಈ ಮಗೂಗೆ ಕುಜದೋಷ ಬಲವಾಗಿದೆ, ಮೊದಲ ಗಂಡ ಉಳಿಯಲ್ಲ ಅಂದ್ರು. ಅದಕ್ಕೇ ಬಾಳೆಗಿಡಕ್ಕೆ ಕೊಟ್ಟು ಧಾರೆ ಎರೆದ್ವಿ. ನಿಮ್ಮಪ್ಪಂಗೆ ಬೀರೂರಲ್ಲಿ ಡ್ಯೂಟಿ. ಹೇಳಿದ್ರೆ ಕುಣೀತಾರೆ ಅಂತ ಹೇಳಲಿಲ್ಲ.”

ಇದು ನಮ್ಮ ಕಡೆ ಹೊಸದಲ್ಲ. ಮೊದಲ ಗಂಡನಿಗೆ ತಟ್ಟುವ ದೋಷ ಗಿಡಕ್ಕೆ ತಟ್ಟಲಿ ಎಂದು ಶಾಸ್ತ್ರ ಮಾಡಿ, ಆಮೇಲೆ ಗಿಡ ಕಡಿದುಬಿಡುತ್ತಾರೆ. ಅಲ್ಲಿಗೆ ಹುಡುಗಿ ಬಿಡುಗಡೆಯಾದಳು ಎಂದು ಲೆಕ್ಕ. ಅದನ್ನೇ ಕೇಳಿದೆ: “ಗಿಡ ಕಡಿದ್ರಿ ತಾನೆ?”

“ಹೇಗೆ ಕಡೀಲಿ ಗೌಡ್ರೇ? ಬೆಳಗ್ಗೆ ಅಳಿಯ ಅಂತ ಆರತಿ ಎತ್ತಿದ್ದೀನಿ. ಸಾಯಂಕಾಲ ಮಚ್ಚು ಹಿಡಿಯೋಕಾಗುತ್ತಾ? ಪಾಪ, ಅದೇನು ಮಾಡಿತ್ತು ನಮಗೆ? ಜೋಯಿಸರಿಗೆ ಕಡಿದೆ ಅಂತ ಹೇಳ್ದೆ. ಅವತ್ತಿಂದ ನಾನೇ ನೀರು ಹಾಕ್ಕೊಂಡು ಬಂದಿದ್ದೀನಿ.”

ಪಾಲಾಕ್ಷಯ್ಯನವರ ಮುಖ ಬಿಳಚಿಕೊಂಡಿತು. “ಅಂದ್ರೆ ಹಿತ್ತಲ ಬಾಳೆ… ಇಷ್ಟು ವರ್ಷ ಗೊನೆ ಗೊನೆ ನಾನು ತಿಂದಿದ್ದು… ಅಯ್ಯೋ ಶಿವನೇ! ಮೊಮ್ಮಕ್ಕಳನ್ನ ಚಿಪ್ಸ್ ಬೇರೆ ಮಾಡಿಸಿದ್ಯಲ್ಲೇ!”

ನನಗೆ ನಗು ಬಂತು, ಆದರೆ ದಾಕ್ಷಾಯಿಣಿಯ ಮುಖ ನೋಡಿ ನುಂಗಿಕೊಂಡೆ. ಅವಳ ಕಣ್ಣು ತುಂಬಿತ್ತು.

“ನನ್ನ ಒಂದು ಮಾತು ಕೇಳಿದ್ಯಾ ಅಮ್ಮ?”

“ಎಂಟು ವರ್ಷದ ಮಗೂನ ಏನು ಕೇಳೋದು?”

“ಆಮೇಲಾದ್ರೂ ಹೇಳ್ಬಹುದಿತ್ತು. ಬಂದವರೆಲ್ಲ ನನ್ನ ಬೇಡ ಅಂತ ಎದ್ದು ಹೋಗುವಾಗ ನೀನು ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕ್ತಿದ್ದೆ. ನಾನು ನಿನಗೆ ಏನಾಗಿದ್ದೆ ಅಮ್ಮ?”

ಅಷ್ಟರಲ್ಲಿ ಫೋನು ಬಂತು. ಸಿವೆರ್ಟ್! ದಾಕ್ಷಾಯಿಣಿ ಕಣ್ಣೊರೆಸಿಕೊಂಡು, ಮರೆತು ಒಂದು ಕೈಯನ್ನು ಯಂತ್ರದ ತಟ್ಟೆಗೆ ಊರಿ, ಇಂಗ್ಲಿಷಿನಲ್ಲಿ ಎಲ್ಲ ಸರಿಯಾಗಿದೆ, ಕಾಗದ ತಯಾರಾಯಿತು ಎಂದಳು. ಢಣಢಣ! ಆ ಕಡೆಯಿಂದ ಅವನು ಗಾಬರಿಯಾಗಿ ಮನೆಗೆ ಬೆಂಕಿ ಬಿತ್ತೇ ಎಂದು ಕೇಳಿದ. ಪೂಜೆ ನಡೆಯುತ್ತಿದೆ ಎಂದಳು. ಮತ್ತೆ ಢಣಢಣ! ಅವನು ಹೇಳಿದ ವಿಷಯ ಒಂದೇ. ಅವನ ತಾಯಿ ಮದುವೆಗೆ ತೊಡುವ ನೀಲಿ ಅಂಗಿಯನ್ನು ಇಸ್ತ್ರಿ ಮಾಡಿಸಿ, ಹಾಸಿಗೆಯ ಎದುರಿನ ಗೋಡೆಗೆ ತೂಗುಹಾಕಿಸಿಕೊಂಡಿದ್ದಾರೆ. ಎಚ್ಚರವಾದಾಗಲೆಲ್ಲ ಅದನ್ನೇ ನೋಡುತ್ತಾರೆ. ಫೋನು ಇಟ್ಟ ಮೇಲೆ ದಾಕ್ಷಾಯಿಣಿ ಇದನ್ನು ಕನ್ನಡದಲ್ಲಿ ಹೇಳಿದಳು.

ಇನ್ನು ನನ್ನ ವಿದ್ಯೆ ತೋರಿಸದೆ ಬೇರೆ ದಾರಿಯಿರಲಿಲ್ಲ. “ಕಾನೂನಿನ ಪ್ರಕಾರ ಯೋಚನೆ ಮಾಡೋಣ. ಬಾಳೆ ಒಂದು ಸಲ ಗೊನೆ ಬಿಟ್ರೆ ಮುಗೀತು. ಅಂದ್ರೆ ಧಾರೆ ಎರೆಸ್ಕೊಂಡ ಗಿಡ ಎಂದೋ ತೀರಿಕೊಂಡಿದೆ. ಹುಡುಗಿ ವಿಧವೆ ಅಂತ ಬರೆಸಿದ್ರಾಯ್ತು” ಎಂದೆ.

“ಇಲ್ಲ ಮಾಮ” ಎಂದಳು ದಾಕ್ಷಾಯಿಣಿ. “ಸಾಯೋದು ಮೇಲಿನ ದಿಂಡು. ಕೆಳಗಿನ ಗೆಡ್ಡೆ ಅದೇ. ಅದರಿಂದಲೇ ಕಂದು ಹೊಡೆಯೋದು.”

“ನಿನ್ನ ಪರ ವಾದ ಮಾಡೋನಿಗೇ ಅಡ್ಡ ಹಾಕ್ತೀಯಲ್ಲೇ ತಾಯಿ!”

“ಹಾಗಾದ್ರೆ ವಿಚ್ಛೇದನ!” ಎಂದು ಪಾಲಾಕ್ಷಯ್ಯ ಜಿಗಿದೆದ್ದರು. “ಗಂಡನ ಹೇಳಿಕೆ ತಗೊಳ್ಳೋಣ!” ನಾವು ಬೇಡ ಬೇಡ ಎನ್ನುವಷ್ಟರಲ್ಲಿ ಯಂತ್ರದಿಂದ ತಂತಿ ಎಳೆದು, ಅಡುಗೆಮನೆ ದಾಟಿಸಿ, ಹಿತ್ತಲ ಬಾಳೆಯ ದಿಂಡಿಗೆ ಕ್ಲಿಪ್ಪು ಕಚ್ಚಿಸಿಬಿಟ್ಟರು. ಯಂತ್ರ ಗುಯ್ಯೆಂದಿತು. ಚೀಟಿ ಬಂತು: “ಪತಿ ಜೀವಂತ. ಅವಲಂಬಿತರು ಹದಿನೇಳು. ಜೀವನಾಂಶ ದಿನಕ್ಕೆರಡು ಬಿಂದಿಗೆ ನೀರು.” ಅಷ್ಟಕ್ಕೇ ನಿಲ್ಲಲಿಲ್ಲ. ಧ್ವನಿವರ್ಧಕ ಸಾರಿತು: “ಸಾಕ್ಷಿದಾರರ ಗಮನಕ್ಕೆ! ದಾಕ್ಷಾಯಿಣಿಯವರ ಪತಿ ಹಿತ್ತಲಲ್ಲಿ ಕಾಯುತ್ತಿದ್ದಾರೆ!”

ಬೀದಿಗೆ ಬೀದಿಯೇ ಬಂದು ಕಾಂಪೌಂಡಿನ ಮೇಲೆ ಕತ್ತು ಚಾಚಿತು. “ಯಾರ್ರೀ ಅದು ಹಿತ್ತಲಲ್ಲಿ?” “ಯಾವಾಗ ಆಯ್ತಂತೆ?” “ಊಟ ಹಾಕಿಸಲೇ ಇಲ್ಲವಲ್ಲ!” ನಾನು ಹೋಗಿ ಗದರಿಸಿದೆ. “ಮರ್ಯಾದೆಯಿಂದ ಹೊರಡಿ! ಹುಡುಗಿಯ ಬಾಳಿನ ಪ್ರಶ್ನೆ ಇದು!” ಅಂದೆ. ಯಾರೂ ಕದಲಲಿಲ್ಲ.

ಪಾಲಾಕ್ಷಯ್ಯನವರ ತಾಳ್ಮೆ ಅಲ್ಲಿಗೆ ಮುಗಿಯಿತು. ಮೂಲೆಯಲ್ಲಿದ್ದ ಮಚ್ಚನ್ನು ಕೈಗೆತ್ತಿಕೊಂಡು ಹಿತ್ತಲಿಗೆ ನುಗ್ಗಿದರು. ಸರ್ವಮಂಗಳಮ್ಮ ಓಡಿಹೋಗಿ ಬಾಳೆಯನ್ನು ತಬ್ಬಿ ನಿಂತರು.

“ಮೊದಲು ನನ್ನ ಕಡೀರಿ!”

“ಸರಿದು ನಿಲ್ಲೇ ಆಚೆಗೆ! ಗಿಡ ಹೆಚ್ಚಾ, ಮಗಳು ಹೆಚ್ಚಾ?”

“ಮಗಳು ಹೆಚ್ಚು ಅಂತಲೇ ನಿಂತಿರೋದು!” ಎಂದು ಆಕೆ ಕಿರುಚಿದರು. “ಇದು ಬದುಕಿರೋವರೆಗೂ ದೋಷವೆಲ್ಲ ಇದರ ತಲೆ ಮೇಲಿರುತ್ತೆ. ಇದು ಹೋದ್ರೆ ಆ ಹುಡುಗನ್ನ ಹಿಡ್ಕೊಳ್ಳುತ್ತೆ. ಶಿವಂಗೆ ಏನಾದ್ರೂ ಆದ್ರೆ ನನ್ನ ಮಗಳ ಗತಿಯೇನು? ಕಡಲಾಚೆ ಒಬ್ಬಳೇ ಕೂತು ಅಳೋದಾ?”

ಪಾಲಾಕ್ಷಯ್ಯನವರ ಕೈ ತಾನಾಗಿ ಕೆಳಗಿಳಿಯಿತು. ಇಷ್ಟು ವರ್ಷ ಈಕೆ ಕಾಯ್ದದ್ದು ಗಿಡವನ್ನಲ್ಲ ಎಂದು ಆಗ ತಿಳಿಯಿತು.

ದಾಕ್ಷಾಯಿಣಿ ಹೋಗಿ ತಾಯಿಯ ಪಕ್ಕದಲ್ಲಿ, ಒದ್ದೆ ಮಣ್ಣಿನ ಮೇಲೆ ಕೂತಳು.

“ಅಮ್ಮ, ಅವನ ಎದೆ ನಾನೇ ಪರೀಕ್ಷೆ ಮಾಡಿದ್ದೀನಿ. ಎತ್ತಿನ ಎದೆ.”

“ತಮಾಷೆ ಮಾಡಬೇಡ.”

“ತಮಾಷೆ ಅಲ್ಲ. ಒಂದಲ್ಲ ಒಂದು ದಿನ ಅವನೂ ಹೋಗ್ತಾನೆ, ನಾನೂ ಹೋಗ್ತೀನಿ. ಅದಕ್ಕೆ ಜಾತಕ ಬೇಡ. ಆದ್ರೆ ಅವರಮ್ಮ ಈ ತಿಂಗಳೇ ಹೋಗ್ತಾರೆ. ಅದು ಗೊತ್ತಿರೋದು. ನೀನು ಹೆದರ್ಕೊಂಡಿರೋದು ಆಗಬಹುದಾದ್ದಕ್ಕೆ. ಅವರು ಹೆದರ್ಕೊಂಡಿರೋದು ಆಗೇ ಆಗೋದಕ್ಕೆ. ಅವರಿಗೆ ಒಂದು ದಿನ ಕೊಡೋಕಾಗಲ್ವಾ ನಮ್ಮ ಕೈಲಿ?”

ಸರ್ವಮಂಗಳಮ್ಮ ಬಹಳ ಹೊತ್ತು ಅತ್ತರು. ಮಗಳು ಸುಮ್ಮನೆ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದಳು. ಆಮೇಲೆ ಆಕೆ ಎದ್ದರು. ಕೈಕಾಲು ತೊಳೆದರು. ನೆಟ್ಟಗೆ ಹಜಾರಕ್ಕೆ ಬಂದು, ಯಾರೂ ಹೇಳದೆಯೇ ತಟ್ಟೆಯ ಮೇಲೆ ಎರಡೂ ಕೈಯಿಟ್ಟರು.

“ಗೌಡ್ರೇ, ಕೇಳಿಸ್ಕೊಳ್ಳಿ. ಅವತ್ತು ಹಿತ್ತಲಲ್ಲಿ ಆಗಿದ್ದು ಮದುವೆ ಅಲ್ಲ. ನಾನು ಹೆದರಿದ್ದೆ, ಅಷ್ಟೇ. ಮಗು ಪಾಪ ಹೂ ಮುಡ್ಕೊಂಡು ನಿಂತಿತ್ತು. ನನ್ನ ಮಗಳಿಗೆ ಮದುವೆ ಆಗಿಲ್ಲ. ಈಗ ಆಗುತ್ತೆ. ಅವಳೇ ಇಷ್ಟಪಟ್ಟು ಮಾಡ್ಕೊಳ್ತಾಳೆ.”

ಯಂತ್ರ ಗುಯ್ಗುಟ್ಟಿತು. ಸಿಗ್ನಲ್ ಕೈ ಒಂದು ಸಲ ಅದುರಿತು. ಕೈ ಟಪ್ಪೆಂದು ಕೆಳಗೆ ಬಿತ್ತು! “ಲೈನ್ ಕ್ಲಿಯರ್!” ಎಂದು ಪಾಲಾಕ್ಷಯ್ಯ ಕೂಗಿ, ಹೆಂಡತಿಯ ಕೈ ಹಿಡಿದು ಎಲ್ಲರೆದುರೇ ಅತ್ತುಬಿಟ್ಟರು. ಕಾಂಪೌಂಡಿನ ಕಡೆಯಿಂದ ಚಪ್ಪಾಳೆ ಬಂತು.

ಬಾಗಿಲು ತೆರೆಯಿತು. ಪಾಸ್‌ಪೋರ್ಟು, ಜನನ ಪತ್ರ, ಅಫಿಡವಿಟ್ಟುಗಳು, ಎಲ್ಲ ಮೊಹರು ಬಿದ್ದು ಚೊಕ್ಕವಾಗಿ ಹೊರಬಂದವು. ನಾನೂ ಅದಕ್ಕಿಂತ ನೆಟ್ಟಗೆ ಒತ್ತಲಾರೆ, ಒಪ್ಪಿಕೊಳ್ಳಬೇಕು. ಕೈಯಾರೆ ಸಹಿ ಹಾಕಿ, ಎಲ್ಲವನ್ನೂ ದಾಕ್ಷಾಯಿಣಿಯ ಚೀಲಕ್ಕೆ ತುಂಬಿದೆ. ಅವಳು ಸಂಜೆಯ ರೈಲಿಗೇ ಬೆಂಗಳೂರಿಗೆ ಹೊರಟಳು.

ಮದುವೆಯನ್ನು ನಾವೆಲ್ಲ ಪಾಲಾಕ್ಷಯ್ಯನವರ ಹಜಾರದಲ್ಲಿ ಕೂತು ಫೋನಿನಲ್ಲಿ ನೋಡಿದೆವು. ಆ ತಾಯಿ ನೀಲಿ ಅಂಗಿ ತೊಟ್ಟು, ಗಾಲಿಕುರ್ಚಿಯಲ್ಲಿ ಕೂತು, ಸೊಸೆಯ ಕೈಯನ್ನು ಬಿಡದೆ ಹಿಡಿದುಕೊಂಡಿದ್ದರು. ಸರ್ವಮಂಗಳಮ್ಮ ಕನ್ನಡದಲ್ಲೇ, “ನಮ್ಮ ಹುಡುಗೀನ ನೋಡ್ಕೊಳ್ಳಿ ತಾಯಿ” ಎಂದರು. ಆಕೆ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ದಾಕ್ಷಾಯಿಣಿ ಅದನ್ನು ತಿಳಿಸಲಿಲ್ಲ, ಕೇಳುವ ಅಗತ್ಯವೂ ಬೀಳಲಿಲ್ಲ. ಆ ತಿಂಗಳು ಮುಗಿಯುವ ಮೊದಲೇ ಆಕೆ ತೀರಿಕೊಂಡರು. ಅದೇ ಅಂಗಿಯಲ್ಲೇ ಕಳಿಸಿಕೊಟ್ಟರಂತೆ.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಆ ಭಾನುವಾರದ ಗಲಾಟೆಯಲ್ಲಿ ಹಿತ್ತಲ ಕ್ಲಿಪ್ಪನ್ನು ಬಿಚ್ಚಲು ಎಲ್ಲರೂ ಮರೆತಿದ್ದರು. ನಾನು ಮೊಹರು ತೆಗೆದುಕೊಳ್ಳಲು ಕೈ ಹಾಕುವಷ್ಟರಲ್ಲಿ ಯಂತ್ರ ಇನ್ನೊಂದು ಕಾಗದ ಒತ್ತಿಬಿಟ್ಟಿತ್ತು. ಹುಡುಗಿಯ ಕಡೆ ಬಿಡುಗಡೆಯಾದ ಮೇಲೆ ಹುಡುಗನ ಕಡೆಯೂ ಆಗಬೇಕಲ್ಲ! “ಬಾಳೆಗಿಡ. ವಾಸ: ಹಿತ್ತಲು. ಅವಿವಾಹಿತ. ಮದುವೆಗೆ ಯಾವ ಅಡ್ಡಿಯೂ ಇಲ್ಲ.” ಕೆಳಗೆ ನನ್ನ ಮೊಹರು! ಅಷ್ಟು ಮಾಡಿ ಯಂತ್ರ ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಸರ್ವಮಂಗಳಮ್ಮ ಆ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದಿಂಡಿಗೇ ಕಟ್ಟಿದ್ದಾರೆ.

ವಿಷಯ ಊರೆಲ್ಲ ಹರಡಿತು. ನಾರ್ವೆಯ ಅಳಿಯ ಗುಂಡುಕಲ್ಲಿನಂತಿದ್ದಾನೆ ಎಂಬ ಸುದ್ದಿಯೂ ಸೇರಿಕೊಂಡಿತು. ಹೋದ ವಾರ ಹೊಸಬರಿಬ್ಬರು ಗಂಡಹೆಂಡಿರು, ತಮ್ಮ ಮಗಳ ಜಾತಕ ಹಿಡಿದು, ಗಿಡವನ್ನು ವರನಾಗಿ ಕೇಳಲು ಬಂದಿದ್ದರು. ಕಾಗದ ಸರಿಯಿದೆಯೇ ಎಂದು ನೋಡಲು ನನ್ನನ್ನೂ ಕರೆಸಿದ್ದರು. ಸರ್ವಮಂಗಳಮ್ಮ ಜಾತಕ ಮುಟ್ಟಲಿಲ್ಲ.

“ನಿಮ್ಮ ಹುಡುಗೀನ ಕೇಳಿದ್ರಾ?” ಎಂದರು.

“ಅವಳನ್ನೇನು ಕೇಳೋದಮ್ಮ, ಚಿಕ್ಕವಳು.”

“ಹಾಗಾದ್ರೆ ದೊಡ್ಡವಳಾಗ್ಲಿ. ಆಮೇಲೆ ಕೇಳ್ಕೊಂಡು ಬನ್ನಿ.”

ಹೋದವರು ಇನ್ನೂ ಬಂದಿಲ್ಲ. ಗಿಡಕ್ಕೆ ಸಿಕ್ಕಂಥ ಪತ್ರದ ಅವಧಿ ಸಾಮಾನ್ಯವಾಗಿ ಆರು ತಿಂಗಳು. ಗಿಡಕ್ಕೇನೂ ಅವಸರ ಇದ್ದಂತೆ ಕಾಣುವುದಿಲ್ಲ.